ಹಾಸೆನ್‌ವೈಲರಿನ ಮೂಗು

ಹಾಸೆನ್‌ವೈಲರ್ ಊರಿನಲ್ಲಿ ಒಬ್ಬನಿಗೆ ಕಣ್ಣು ಕಾಣದಿದ್ದರೆ ಜನ ಕೈಹಿಡಿದು ನಡೆಸುತ್ತಾರೆ. ಕಿವಿ ಕೇಳದಿದ್ದರೆ ಕೂಗಿ ಹೇಳುತ್ತಾರೆ. ಮೂಗು ಕೆಲಸ ಮಾಡುವುದಿಲ್ಲ ಎಂದು ಗೊತ್ತಾದರೆ ಮಾತ್ರ ಅವನ ವಂಶದ ಮೇಲೆಯೇ ಅನುಮಾನಪಡುತ್ತಾರೆ. ಬೆಟ್ಟದ ಇಳಿಜಾರಿನ ತುಂಬ ದ್ರಾಕ್ಷಿ, ಮನೆಗಳ ಕೆಳಗೆಲ್ಲ ನೆಲಮಾಳಿಗೆ, ನೆಲಮಾಳಿಗೆಯ ತುಂಬ ಪೀಪಾಯಿ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಇಂಥ ಊರಿನಲ್ಲಿ ಮಗು ಹುಟ್ಟಿದ ಕೂಡಲೇ ಅಜ್ಜಂದಿರು ಬಗ್ಗಿ ನೋಡುವುದು ಮೂಗನ್ನು. ಹೀಗಾಗಿ ಗಾಸ್ಪಾರ್ ವೆಲ್ಟಿ ತನ್ನ ಮೂಗು ಸತ್ತುಹೋದ ಸಂಗತಿಯನ್ನು ಹೆಂಡತಿ ಓಡಿಲ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಅವನು ಕೋಲ್ಮಾರ್ ರೈಲುನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತು ಕೂತು ನಿವೃತ್ತನಾದವನು. ಆ ಕಿಟಕಿಯಿಂದ ನುಗ್ಗುತ್ತಿದ್ದ ಚಳಿಗಾಳಿಗೆ ಒಂದು ವರ್ಷ ಭಾರಿ ನೆಗಡಿ ಹಿಡಿಯಿತು. ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ಅವನಿಗೆ ಗುಲಾಬಿಯೂ ಒಂದೇ, ಗೊಬ್ಬರದ ಗುಂಡಿಯೂ ಒಂದೇ. ಉಳಿದವರು ಕಿಟಕಿ ತೆರೆದಿಟ್ಟು ತಿನ್ನುವ ಮುನ್‌ಸ್ಟರ್ ಚೀಸನ್ನು ಅವನು ಕಿಟಕಿ ಮುಚ್ಚಿಕೊಂಡು ನೆಮ್ಮದಿಯಾಗಿ ತಿನ್ನುತ್ತಿದ್ದ. ವೈನಿನ ವಿಷಯಕ್ಕೆ ಬಂದರೆ, ಬಿಳಿಯದು ತಣ್ಣಗಿರುತ್ತದೆ, ಕೆಂಪನೆಯದು ಮೇಜುಬಟ್ಟೆಗೆ ಕಲೆ ಮಾಡುತ್ತದೆ ಎಂಬಲ್ಲಿಗೆ ಅವನ ಪಾಂಡಿತ್ಯ ಮುಗಿಯುತ್ತಿತ್ತು. ಆದರೂ ಗ್ಲಾಸು ಕೈಗೆ ಬಂದಾಗ ಎಲ್ಲರಂತೆ ಅದನ್ನು ತಿರುಗಿಸುವುದು, ಮೂಗನ್ನು ಒಳಗಿಡುವುದು, ಕಣ್ಣುಮುಚ್ಚಿ “ಹ್ಞೂಂ” ಎನ್ನುವುದು ಅಭ್ಯಾಸವಾಗಿತ್ತು. ಆ ಒಂದು ಹ್ಞೂಂಕಾರದ ಬಲದಿಂದಲೇ ಅವನು ಊರಲ್ಲಿ ತಲೆಯೆತ್ತಿ ಬದುಕಿದ್ದ.

ಎಡವಟ್ಟಾದದ್ದು ಭಾವಮೈದುನನ ಮನೆಯಲ್ಲಿ. ಓಡಿಲ್‌ಳ ತಮ್ಮ ಥಿಯೆಬೊ ಊರಿಗೇ ದೊಡ್ಡ ದ್ರಾಕ್ಷಿ ಬೆಳೆಗಾರ. ಅವನ ಮೀಸೆ, ಗಂಟಲು, ಹೊಟ್ಟೆ ಮೂರೂ ದೊಡ್ಡವು. ಮೊಮ್ಮಗಳ ಜ್ಞಾನಸ್ನಾನದ ದಿನ ಊರಿನ ಮುಖ್ಯಸ್ಥರನ್ನೆಲ್ಲ ಊಟಕ್ಕೆ ಕರೆದಿದ್ದ. ಊಟಕ್ಕೆ ಮುಂಚೆ ಎದ್ದು ನಿಂತು, ಕೈಯಲ್ಲಿ ಉದ್ದ ಕತ್ತಿನ ಹಸಿರು ಬಾಟಲಿ ಹಿಡಿದು, “ಇದು ಬೆಟ್ಟದ ತುದಿಯ ರೀಸ್ಲಿಂಗ್. ಬಾಯಿ ತೊಳ್ಕೊಂಡು ಕುಡೀಬೇಕು, ಗೊತ್ತಾಯ್ತಾ!” ಎಂದು ಎಲ್ಲರಿಗೂ ಸುರಿದ.

“ಆಹಾ, ನಿಂಬೆ ಹೂವು!” ಎಂದಳು ಬೇಕರಿಯ ಮದಾಮ್ ಬ್ರೆಂಡ್ಲೆ.

“ಚಕಮಕಿ ಕಲ್ಲು, ಮಳೆ ನಿಂತ ಮೇಲಿನ ಚಕಮಕಿ ಕಲ್ಲು,” ಎಂದರು ಮೇಯರ್ ಅಂಬ್ರೋಸ್. ಅವರು ಏನು ಹೇಳಿದರೂ ಭಾಷಣದಂತೆಯೇ ಕೇಳಿಸುತ್ತಿತ್ತು.

ಸರದಿ ಗಾಸ್ಪಾರನಿಗೆ ಬಂತು. ಅವನು ಗ್ಲಾಸು ತಿರುಗಿಸಿದ, ಮೂಗಿಟ್ಟ, ಕಣ್ಣು ಮುಚ್ಚಿದ. ಇನ್ನೇನು ಹ್ಞೂಂ ಎನ್ನಬೇಕು. ಅಷ್ಟರಲ್ಲಿ ಹಳ್ಳದಲ್ಲಿ ಬಿದ್ದು ಹೊರಳಿ ಬಂದಿದ್ದ ಥಿಯೆಬೊನ ಬೇಟೆನಾಯಿ ಮೇಜಿನ ಕೆಳಗೆ ನುಸುಳಿ, ತನ್ನ ಇಡೀ ತಲೆಯನ್ನು ಪ್ರೀತಿಯಿಂದ ಅವನ ತೊಡೆಯ ಮೇಲಿಟ್ಟಿತು. ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ಹೋಯಿತು.

“ಒದ್ದೆ ನಾಯಿ!” ಎಂದು ಗಾಸ್ಪಾರ್ ಕೂಗಿದ.

ಥಿಯೆಬೊನ ಮೀಸೆ ಅದುರಿತು. “ಏನಂದೆ ಭಾವ?”

“ಒದ್ದೆ ನಾಯಿ ಕಣಯ್ಯಾ! ತೊಯ್ದು ತೊಪ್ಪೆಯಾಗಿರೋ ನಾಯಿ! ಥೂ!”

ಥಿಯೆಬೊ ತನ್ನ ಗ್ಲಾಸನ್ನು ಮತ್ತೊಮ್ಮೆ ಮೂಸಿದ. ಮುಖ ಇಳಿಯಿತು. ಬಾಟಲಿಯ ಬಿರಡೆಯನ್ನು ಮೂಸಿದ. ಇನ್ನಷ್ಟು ಇಳಿಯಿತು. ಬಿರಡೆ ಕೆಟ್ಟರೆ ವೈನಿಗೆ ಒದ್ದೆ ನಾಯಿಯ ವಾಸನೆ ಹಿಡಿಯುತ್ತದೆಂದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಅವನು ಮೇಜಿನ ಕೆಳಗೆ ನಾಯಿಯನ್ನು ಒದೆಯುತ್ತಿದ್ದ.

“ಹೌದ್ರಪ್ಪ, ಕೆಟ್ಟೋಗಿದೆ,” ಎಂದ ಥಿಯೆಬೊ ಸಣ್ಣ ದನಿಯಲ್ಲಿ. “ನನಗೇ ಗೊತ್ತಾಗಲಿಲ್ಲ. ಇಷ್ಟೇ ಇಷ್ಟು, ಎಲ್ಲೋ ತಳದಲ್ಲಿದೆ. ಭಾವ, ನೀನು ಹೆಂಗಯ್ಯಾ ಹಿಡಿದೆ?”

“ಹಿಡಿಯೋದೇನು ಬಂತು, ತೊಡೆ ಮೇಲೇ ಇದೆಯಲ್ಲ,” ಎಂದ ಗಾಸ್ಪಾರ್.

ಈ ಮಾತಿನ ಆಳವನ್ನು ಮೇಯರ್ ಬಹಳ ಹೊತ್ತು ಯೋಚಿಸಿದರು. ನಿಂಬೆ ಹೂವನ್ನು ಕಂಡಿದ್ದ ಮದಾಮ್ ಬ್ರೆಂಡ್ಲೆ ಆ ಮಧ್ಯಾಹ್ನವಿಡೀ ನೀರನ್ನೇ ಕುಡಿದಳು.

ಮಾರನೆಯ ದಿನದಿಂದ ಗಾಸ್ಪಾರನ ಮನೆಯ ಬಾಗಿಲಿಗೆ ಗ್ಲಾಸು ಹಿಡಿದವರು ಬರತೊಡಗಿದರು. ಮೊದಲು ಬಂದವರು ಮೇಯರೇ. ತಮ್ಮ ತೋಟದ ಸಿಲ್ವಾನೆರ್ ವೈನನ್ನು ಮುಂದಿಟ್ಟು, “ಮುಚ್ಚುಮರೆ ಬೇಡ ಗಾಸ್ಪಾರ್. ಹೇಗಿದೆ ಹೇಳಿ,” ಎಂದರು. ಗಾಸ್ಪಾರ್ ಆಗಷ್ಟೇ ಹೊಸ ಶೂ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿ ಬಂದಿದ್ದ. ಮೇಯರರ ಕಣ್ಣು ಶೂ ಮೇಲೆಯೇ ಇದೆಯೆಂದು ಭಾವಿಸಿದ.

“ಮೊದಮೊದಲು ಹಿತವಾಗಿರುತ್ತೆ. ಹೋಗ್ತಾ ಹೋಗ್ತಾ ಹಿಂದಿನಿಂದ ಕಚ್ಚುತ್ತೆ,” ಎಂದ.

“ಕಚ್ಚುತ್ತೆ!” ಮೇಯರ್ ಎದೆ ಹಿಡಿದುಕೊಂಡರು. “ನನಗೂ ಹಂಗೇ ಅನ್ನಿಸಿತ್ತು ಕಣ್ರೀ! ಇದಕ್ಕೇನು ಮದ್ದು?”

“ಒಂದು ವರ್ಷ ಸುಮ್ನೆ ಇರಿ. ತಾನಾಗೇ ಮೆತ್ತಗಾಗುತ್ತೆ. ತಡೆಯೋಕಾಗದಿದ್ರೆ ಒಳಗೆ ಒಂಚೂರು ಹತ್ತಿ ಇಡೋದು.”

ಮೇಯರ್ ಹತ್ತಿಯ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದರು. ಊರಲ್ಲಿ ಸುದ್ದಿಯಾಯಿತು. ಕ್ಷೌರದಂಗಡಿಯಲ್ಲಿ ಗಾಸ್ಪಾರ್ ಒಳಗೆ ಬಂದರೆ ಅರ್ಧ ಗಡ್ಡ ಕೆರೆಸಿಕೊಂಡವರೂ ಎದ್ದು ಜಾಗ ಬಿಡತೊಡಗಿದರು. ಮದಾಮ್ ಬ್ರೆಂಡ್ಲೆ ಪ್ರತಿ ಭಾನುವಾರ ಬಾದಾಮಿ ಮೆತ್ತಿದ ಕುಗೆಲ್‌ಹೋಫ್ ಕೇಕನ್ನು ತಾನೇ ತಂದುಕೊಟ್ಟಳು. ರಸ್ತೆಯಲ್ಲಿ ಜನ ಟೋಪಿ ತೆಗೆದರು. ರೈಲ್ವೆಯಲ್ಲಿದ್ದಷ್ಟು ಕಾಲವೂ “ಬೇಗ ಕೊಡ್ರೀ, ಗಾಡಿ ಬಂತು” ಎಂದು ಬೈಸಿಕೊಂಡು ಬಂದವನಿಗೆ ಇದರಿಂದ ಏನಾಗಬಹುದು, ನೀವೇ ಹೇಳಿ. ಗಾಸ್ಪಾರ್ ಒಂದು ರೇಷ್ಮೆ ಮಫ್ಲರ್ ಕೊಂಡ. ಗಾಳಿ ಬೀಸಿದರೆ ಅದರಿಂದ ಮೂಗು ಮುಚ್ಚಿಕೊಂಡು, “ನಾಜೂಕು ನೋಡಿ, ಇದಕ್ಕೆ ಥಂಡಿ ಆಗಬಾರದು,” ಎನ್ನತೊಡಗಿದ.

“ನಿನ್ನ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ,” ಎಂದಳು ಓಡಿಲ್. “ಮೊನ್ನೆ ನೀನು ಒಲೆ ಮುಂದೇನೇ ನಿಂತಿದ್ದೆ, ಕೋಸಿನ ಪಲ್ಯ ಸೀದು ಕರಿ ಇದ್ದಿಲಾಯ್ತು. ಬೀದಿಯೋರೆಲ್ಲ ಓಡಿ ಬಂದ್ರು. ನೀನು ಪೇಪರ್ ಓದ್ತಾ ಇದ್ದೆ!”

“ನಾನೇನು ಯಾರಿಗಾದ್ರೂ ಸುಳ್ಳು ಹೇಳಿದೀನಾ? ಅವರು ಕೇಳ್ತಾರೆ, ನಾನು ನನಗೆ ತೋಚಿದ್ದು ಹೇಳ್ತೀನಿ.”

“ಹೇಳು, ಹೇಳು. ಒಂದಿನ ಸಿಕ್ಕಿಬೀಳ್ತೀಯ. ಆವತ್ತು ನಮ್ಮಪ್ಪನ ಮನೆ ಮರ್ಯಾದೇನೂ ಹೋಗುತ್ತೆ.”

ಆ ದಿನವೂ ದೂರವಿರಲಿಲ್ಲ. ಕೊಯ್ಲಿಗೆ ಸ್ವಲ್ಪ ಮುಂಚೆ ಪ್ಯಾರಿಸಿನ ಮದಾಮ್ ವಾಲ್ಮೊಂ ಬರುತ್ತಾರೆಂದು ಗೊತ್ತಾಯಿತು. ಅಲ್ಸಾಸಿನ ವೈನು, ಅದರ ದ್ರಾಕ್ಷಿ, ಅದರ ಊರುಗಳ ಬಗ್ಗೆ ಆಕೆ ಬರೆದಿದ್ದ ಕೈಪಿಡಿ ಅಂಗಡಿ ಅಂಗಡಿಯಲ್ಲೂ ಇತ್ತು. ಅದರಲ್ಲಿ ಯಾವ ಊರಿಗೆ ಹೊಗಳಿಕೆ ಸಿಕ್ಕಿತೋ ಆ ಊರಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಹಾಸೆನ್‌ವೈಲರ್ ಬಗ್ಗೆ ಅದರಲ್ಲಿ ಒಂದೇ ಒಂದು ವಾಕ್ಯವಿತ್ತು: “ಇಲ್ಲಿ ರಸ್ತೆ ಅಗಲವಾಗಿದ್ದು ಕಾರು ತಿರುಗಿಸಿಕೊಳ್ಳಲು ಅನುಕೂಲವಾಗಿದೆ.” ಈ ಅವಮಾನವನ್ನು ಊರು ನುಂಗಿಕೊಂಡಿತ್ತೇ ಹೊರತು ಅರಗಿಸಿಕೊಂಡಿರಲಿಲ್ಲ. ಪಕ್ಕದೂರಿನವರು ಇವತ್ತಿಗೂ ಹಾಸೆನ್‌ವೈಲರಿನವರನ್ನು ಕಂಡರೆ ಸ್ಟೇರಿಂಗ್ ತಿರುಗಿಸಿದಂತೆ ಕೈ ಮಾಡಿ ನಗುತ್ತಿದ್ದರು. ಈಗ ಹೊಸ ಮುದ್ರಣಕ್ಕಾಗಿ ಆಕೆ ಮತ್ತೆ ಬರುವವರಿದ್ದರು.

ಟೌನ್ ಹಾಲಿನಲ್ಲಿ ಸಭೆ ಸೇರಿತು. “ಆಕೆಯನ್ನ ಕರ್ಕೊಂಡು ಓಡಾಡೋಕೆ ಒಬ್ಬ ಸರಿಯಾದ ಮನುಷ್ಯ ಬೇಕು,” ಎಂದು ಮೇಯರ್ ಶುರುಮಾಡಿದ ಕೂಡಲೇ ಎಲ್ಲರೂ ಗಾಸ್ಪಾರನ ಕಡೆ ತಿರುಗಿದರು.

ಗಾಸ್ಪಾರನ ಬೆವರು ಮಫ್ಲರಿಗೆ ಇಳಿಯಿತು. “ನಾನು ಬೇಡ. ನಿಜ ಹೇಳ್ತೀನಿ, ನನಗೆ ಏನೂ ಗೊತ್ತಾಗಲ್ಲ.”

“ನೋಡಿ, ನೋಡಿ!” ಮೇಯರ್ ಕಣ್ಣೊರೆಸಿಕೊಂಡರು. “ನಿಜವಾಗಿ ಗೊತ್ತಿರೋರ ಲಕ್ಷಣವೇ ಇದು. ಏನೂ ಗೊತ್ತಿಲ್ಲದ ನಾನು ಎಷ್ಟು ಮಾತಾಡ್ತೀನಿ!” ಸಭೆ ಇದನ್ನು ಒಮ್ಮತದಿಂದ ಒಪ್ಪಿತು. ಥಿಯೆಬೊನ ನೆಲಮಾಳಿಗೆಯಲ್ಲಿ ಅವನದೇ ರೀಸ್ಲಿಂಗ್ ಮತ್ತಿತರ ವೈನುಗಳ ರುಚಿ ತೋರಿಸುವುದೆಂದೂ ನಿಶ್ಚಯವಾಯಿತು. ಯಾಕೋ ಥಿಯೆಬೊ ಮಾತ್ರ ಆವತ್ತು ಗಂಟಲು ತೆರೆಯಲಿಲ್ಲ. ಗಾಸ್ಪಾರನ ಮೂಗನ್ನೇ ನೋಡುತ್ತ ಕೂತಿದ್ದ.

ಮನೆಗೆ ಬಂದ ಗಂಡನ ಮುಖ ನೋಡಿ ಓಡಿಲ್‌ಗೆ ಬೈಯಲು ಮನಸ್ಸಾಗಲಿಲ್ಲ. ತೋಟದಿಂದ ಗೊಂಚಲುಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟಳು. “ಇದು ರೀಸ್ಲಿಂಗ್, ಸಣ್ಣ ಕಾಯಿ, ಒತ್ತೊತ್ತಾಗಿರುತ್ತೆ. ಇದು ಸಿಲ್ವಾನೆರ್, ಸ್ವಲ್ಪ ದಪ್ಪ. ಇದು ಮಸ್ಕಾ, ತಿಂದ್ರೆ ಹಣ್ಣು ತಿಂದಂಗೇ ಇರುತ್ತೆ. ಇವೆರಡೂ ಗುಲಾಬಿ ಬಣ್ಣ: ಬೂದಿ ಹಚ್ಚಿದಂಗಿರೋದು ಪಿನೋ ಗ್ರಿ, ನಾಚಿಕೊಂಡಂಗಿರೋದು ಗೆವುರ್ಟ್ಸ್‌ಟ್ರಾಮಿನರ್.”

“ಕೊನೇದು ಇನ್ನೊಂದ್ಸಲ ಹೇಳು.”

“ಗೆವುರ್ಟ್ಸ್‌ಟ್ರಾಮಿನರ್.”

“ಅಯ್ಯೋ ದೇವರೇ,” ಎಂದು ಗಾಸ್ಪಾರ್ ಅದನ್ನು ತಿಂದುಬಿಟ್ಟ.

ಗುರುತು ಹಿಡಿಯುವ ಪಾಠ ಅಷ್ಟಕ್ಕೇ ನಿಂತಿತು. ಕೊನೆಗೆ ಓಡಿಲ್ ಒಂದು ಉಪಾಯ ಮಾಡಿದಳು. ನೆಲಮಾಳಿಗೆಯಲ್ಲಿ ಅವಳು ಮದಾಮ್ ವಾಲ್ಮೊಂ ಬೆನ್ನ ಹಿಂದೆ ನಿಲ್ಲುವುದು. ಯಾವ ವೈನ್ ಸುರಿಯುತ್ತಾರೆಂದು ತಮ್ಮನಿಂದ ಮೊದಲೇ ಕೇಳಿಟ್ಟುಕೊಳ್ಳುವುದು. ಕಿವಿ ಮುಟ್ಟಿಕೊಂಡರೆ ರೀಸ್ಲಿಂಗ್, ತುರುಬು ಮುಟ್ಟಿದರೆ ಆ ಉಚ್ಚರಿಸಲಾಗದ್ದು, ಕತ್ತು ಮುಟ್ಟಿದರೆ ಮಸ್ಕಾ, ಕೆನ್ನೆ ಪಿನೋ ಗ್ರಿ, ಮೊಣಕೈ ಸಿಲ್ವಾನೆರ್. ಗಾಸ್ಪಾರ್ ಇದನ್ನು ಸೊಗಸಾಗಿ ಕಲಿತ. ರೈಲ್ವೆಯವನಿಗೆ ಸಿಗ್ನಲ್ ಹೊಸದೇ?

ಮದಾಮ್ ವಾಲ್ಮೊಂ ತೆಳ್ಳಗೆ, ಉದ್ದಕ್ಕೆ, ಮಡಿಸಿಟ್ಟ ಕೊಡೆಯ ಹಾಗಿದ್ದರು. ಕಾರಿನಿಂದಿಳಿದು ನಗಲಿಲ್ಲ. ಟೌನ್ ಹಾಲಿನ ಮಾಡಿನ ಮೇಲೆ ಗೂಡಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆಯನ್ನು ಮೇಯರ್ ತೋರಿಸಿದಾಗಲೂ ನಗಲಿಲ್ಲ. “ಉಳಿದ ಊರುಗಳ ಕೊಕ್ಕರೆಗಳು ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗ್ತವೆ ಮದಾಮ್. ನಮ್ಮದು ಎಲ್ಲೂ ಹೋಗಲ್ಲ. ಊರಿನ ಮೇಲೆ ಅಷ್ಟು ಪ್ರೀತಿ!” ಎಂದರು ಮೇಯರ್. ಮದಾಮ್ “ದ್ರಾಕ್ಷಿ ಎಲ್ಲಿ?” ಎಂದರು.

ಗಾಸ್ಪಾರ್ ತೋಟಕ್ಕೆ ಕರೆದೊಯ್ದ. ಊರಿನ ಅರ್ಧ ಜನ ಗೌರವದ ದೂರದಲ್ಲಿ ಹಿಂಬಾಲಿಸಿದರು. ಒಂದು ಸಾಲಿನ ಮುಂದೆ ನಿಂತು ಗುಲಾಬಿ ಬಣ್ಣದ ಗೊಂಚಲನ್ನು ಎತ್ತಿ ಹಿಡಿದು, “ಇದು ನಮ್ಮ ಪಿನೋ ಗ್ರಿ,” ಎಂದ.

ಮದಾಮ್ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. “ಮಸ್ಯೋ ವೆಲ್ಟಿ, ಇದು ಗೆವುರ್ಟ್ಸ್‌ಟ್ರಾಮಿನರ್. ನೀವು ನನ್ನನ್ನ ಪರೀಕ್ಷೆ ಮಾಡ್ತಿದೀರಾ?”

ಗಾಸ್ಪಾರ್ ಮಫ್ಲರನ್ನು ಕಿವಿಯ ತನಕ ಸುತ್ತಿಕೊಂಡಿದ್ದ. ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸದಿದ್ದಾಗ ಒಪ್ಪಿಕೊಳ್ಳುವುದು ಟಿಕೆಟ್ ಕಿಟಕಿಯ ಹಳೆಯ ರೂಢಿ. “ಹೌದು ಮದಾಮ್,” ಎಂದ.

ಇಷ್ಟು ವರ್ಷಗಳಲ್ಲಿ ಆಕೆಯನ್ನು ಪರೀಕ್ಷೆ ಮಾಡುವ ಧೈರ್ಯ ಯಾರೂ ತೋರಿಸಿರಲಿಲ್ಲ. ಮದಾಮ್ ವಾಲ್ಮೊಂ ಮೊದಲ ಬಾರಿಗೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಸರಿ. ಹಾಗಿದ್ರೆ ನೆಲಮಾಳಿಗೇಲಿ ನನ್ನ ಸರದಿ,” ಎಂದರು.

ಥಿಯೆಬೊನ ನೆಲಮಾಳಿಗೆ ತುಂಬಿಹೋಗಿತ್ತು. ಪೀಪಾಯಿಗಳ ಮೇಲೆಲ್ಲ ಜನ. ಚರ್ಚಿನ ಫಾದರ್ ಫ್ಲೋರಾಂ ಕೂಡ ಒಂದು ಮೂಲೆಯಲ್ಲಿ ನಿಂತಿದ್ದರು. ಕೊಯ್ಲಿನ ಕಾಲವಾದ್ದರಿಂದ ಕಣಜದ ಹುಳುಗಳು ಒಳಗೂ ಹೊರಗೂ ಓಡಾಡಿಕೊಂಡಿದ್ದವು. ಥಿಯೆಬೊ ಬಟ್ಟೆ ಸುತ್ತಿದ ಬಾಟಲಿಯಿಂದ ವೈನ್ ಸುರಿದ.

“ಮೊದಲು ನೀವು,” ಎಂದು ಮದಾಮ್ ಗ್ಲಾಸನ್ನು ಗಾಸ್ಪಾರನ ಕಡೆ ತಳ್ಳಿದರು. “ಇದರಲ್ಲಿರೋ ದ್ರಾಕ್ಷಿ ಯಾವುದು?”

ಗಾಸ್ಪಾರ್ ತಿರುಗಿಸಿದ, ಮೂಗಿಟ್ಟ, ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ. ಮದಾಮ್ ಅವರ ಭುಜದಾಚೆ ಓಡಿಲ್ ನೆಮ್ಮದಿಯಿಂದ ಬಲಗಿವಿಯನ್ನು ಮುಟ್ಟಿಕೊಂಡಳು.

“ರೀಸ್ಲಿಂಗ್,” ಎಂದ ಗಾಸ್ಪಾರ್.

ಥಿಯೆಬೊನ ಎದೆಯಿಂದ ದೊಡ್ಡ ಉಸಿರು ಹೊರಬಂತು. ಮೇಯರ್ ಚಪ್ಪಾಳೆಗೆ ಕೈಯೆತ್ತಿದರು. ಅಷ್ಟರಲ್ಲಿ ಒಂದು ಕಣಜ ಓಡಿಲ್‌ಳ ತುರುಬಿನ ಮೇಲೆ ಕೂತಿತು. ಅವಳು ತುರುಬಿಗೆ ಕೈ ಹಾಕಿದಳು.

“ಅಷ್ಟೇ ಅಲ್ಲ,” ಎಂದ ಗಾಸ್ಪಾರ್ ಗಾಬರಿಯಾಗಿ. “ಗೆ... ಗೆವುರ್ಟ್ಸ್... ಆ ಟ್ರಾಮಿನರ್ ಕೂಡ ಇದೆ.”

ಥಿಯೆಬೊನ ಉಸಿರು ಹೊರಗೆ ಹೋದದ್ದು ಮತ್ತೆ ಒಳಗೆ ಬರಲಿಲ್ಲ. ಕಣಜ ಓಡಿಲ್‌ಳ ಕತ್ತಿಗಿಳಿಯಿತು.

“ಮಸ್ಕಾ,” ಎಂದ ಗಾಸ್ಪಾರ್. ಕಣಜ ಕೆನ್ನೆಗೆ ಹಾರಿತು. “ಪಿನೋ ಗ್ರಿ.” ಓಡಿಲ್ ಮೊಣಕೈಯಿಂದ ಅದನ್ನು ತಳ್ಳಲು ನೋಡಿದಳು. “ಸಿಲ್ವಾನೆರ್! ಸಿಲ್ವಾನೆರೂ ಇದೆ!” ಕೊನೆಗೆ ಸಿಟ್ಟಿಗೆದ್ದ ಓಡಿಲ್ ತನ್ನ ಹಣೆಗೇ ಫಟ್ಟೆಂದು ಹೊಡೆದುಕೊಂಡಳು. ಹಣೆಗೆ ಯಾವ ಸಿಗ್ನಲ್ಲೂ ಇರಲಿಲ್ಲ. ಗಾಸ್ಪಾರ್ ತಡಬಡಾಯಿಸಿದ. ಆದರೆ ಕಂಡದ್ದನ್ನು ಬಿಡುವ ಜಾಯಮಾನ ಅವನದಲ್ಲ.

“ಇನ್ನೂ ಒಂದಿದೆ,” ಎಂದ. “ಅದಕ್ಕೆ ಹೆಸರಿಲ್ಲ.”

ಥಿಯೆಬೊ ಮೊಣಕಾಲೂರಿ ಕೂತುಬಿಟ್ಟ.

“ಸಾಕು ಭಾವ! ಸಾಕು ಮಾಡು! ಹೇಳಿಬಿಡ್ತೀನಿ!” ಅವನ ದೊಡ್ಡ ಗಂಟಲು ಬಿರಿಯಿತು. “ಹೋದ ವರ್ಷ ರಸ ಹಿಂಡೋ ದಿನ ಪಕ್ಕದೂರಲ್ಲಿ ಹಬ್ಬದೂಟಕ್ಕೆ ಹೋಗಿದ್ದೆ. ಸ್ವಲ್ಪ ಜಾಸ್ತಿಯಾಗಿತ್ತು. ಬಂದು ಪೈಪನ್ನ ಯಾವ ತೊಟ್ಟಿಗೆ ಹಾಕಿದೆನೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಒಂದರಲ್ಲೇ ಸೇರಿಹೋಗಿದೆ! ಹಿತ್ತಲಲ್ಲಿ ಅಜ್ಜನ ಕಾಲದ್ದೊಂದು ಬಳ್ಳಿ ಇದೆಯಲ್ಲ, ಹೆಸರು ಯಾರಿಗೂ ಗೊತ್ತಿಲ್ಲದ್ದು, ಅದೂ ಸೇರಿದೆ! ಕುಡಿದ್ರೆ ರೀಸ್ಲಿಂಗಿಗಿಂತ ಚೆನ್ನಾಗಿತ್ತು. ರೀಸ್ಲಿಂಗ್ ಅಂತ ಚೀಟಿ ಅಂಟಿಸಿಬಿಟ್ಟೆ!”

ಗಾಸ್ಪಾರ್ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. ಆ ಬಾಯಿ ಬೆರಗಿನಿಂದ ತೆರೆದದ್ದೆಂದು ಯಾರಿಗೂ ಹೊಳೆಯಲಿಲ್ಲ. ಥಿಯೆಬೊಗೆ ಅದು ಇನ್ನೂ ಏನೋ ಹೇಳಹೊರಟ ಬಾಯಿಯಂತೆ ಕಂಡಿತು.

“ಅದೂ ಗೊತ್ತಾ ನಿನಗೆ?” ಎಂದ ಕಂಗಾಲಾಗಿ. “ಅಕ್ಕನ ಪಾಲಿನ ದ್ರಾಕ್ಷಿ ಸಾಲಿದೆಯಲ್ಲ, ಅದರ ಗಡಿಕಲ್ಲನ್ನ ಜರುಗಿಸಿದ್ದು ನಾನೇ. ಒಂದೇ ಸಲ ಅಲ್ಲ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ.”

“ನನಗೆ ಅನುಮಾನ ಇತ್ತು ಕಣೋ ಕಳ್ಳ!” ಎಂದಳು ಓಡಿಲ್, ಹಣೆಯ ಮೇಲಿದ್ದ ಕೈಯನ್ನು ಸೊಂಟಕ್ಕೆ ಇಳಿಸಿ. “ನನ್ನ ಗಿಡ ಯಾಕೆ ವರ್ಷವರ್ಷಕ್ಕೆ ಕಮ್ಮಿ ಆಗ್ತಾ ಇದೆ ಅಂತ ನೋಡ್ತಾನೇ ಇದ್ದೆ!”

ಕಣಜ ಅವಳನ್ನು ಬಿಟ್ಟು ಹಾರಿತು. ಅದು ಎಲ್ಲಿ ತನ್ನನ್ನು ಕಚ್ಚುವುದೋ ಎಂದು ಗಾಸ್ಪಾರ್ ಕಣ್ಣುಕೀಲಿಸಿ ಅದನ್ನೇ ನೋಡುತ್ತ ಕತ್ತು ತಿರುಗಿಸಿದ. ಅದು ಹೋಗಿ ಮದಾಮ್ ಬ್ರೆಂಡ್ಲೆಯ ಟೋಪಿಯ ಹೂವಿನ ಮೇಲೆ ಕೂತಿತು. ಆ ನೋಟ ತನ್ನ ಮೇಲೆ ನಿಂತದ್ದನ್ನು ಕಂಡು ಬೇಕರಿಯವಳ ಮುಖ ಮೈದಾಹಿಟ್ಟಿನಂತಾಯಿತು.

“ಹಾಗೆ ನೋಡಬೇಡಿ ಗಾಸ್ಪಾರ್! ನನ್ನ ಕುಗೆಲ್‌ಹೋಫಿಗೆ ಹಾಕೋದು ಬೆಣ್ಣೆ ಅಲ್ಲ, ಡಾಲ್ಡಾ! ಬೋರ್ಡಿನ ಮೇಲೆ ಮಾತ್ರ ಬೆಣ್ಣೆ ಅಂತ ಬರೆಸಿದೀನಿ! ನಿಮಗೆ ಮೊದಲನೇ ಭಾನುವಾರವೇ ಗೊತ್ತಾಗಿರುತ್ತೆ. ಆದ್ರೂ ಸುಮ್ನೆ ತಿಂದ್ರಿ, ದೊಡ್ಡ ಮನಸ್ಸು ನಿಮ್ಮದು!”

ಜನ ಹೋ ಎಂದರು. ಕಣಜ ಎದ್ದು ಮೇಯರರ ಎದೆಯ ಮೇಲಿನ ಪದಕಕ್ಕೆ ಹೋಯಿತು. ಗಾಸ್ಪಾರನ ಕಣ್ಣೂ ಹೋಯಿತು. ಮೇಯರ್ ಭಾಷಣದ ದನಿಯಲ್ಲೇ, “ನಾಗರಿಕರೇ, ಆ ಕೊಕ್ಕರೆ ತಗಡಿನದು,” ಎಂದರು.

“ಏನು?”

“ನಿಜವಾದ್ದು ಬರದೇ ವರ್ಷಗಳಾದವು. ಊರಿಗೆ ಅವಮಾನ ಅಂತ ನಾನೇ ಹತ್ತಿ ಕೂರಿಸಿದೆ. ಹೆಂಡತಿ ಏಣಿ ಹಿಡ್ಕೊಂಡಿದ್ಲು.”

“ಅದಕ್ಕೇ ಅದು ಹಿಮ ಬಿದ್ರೂ ಅಲ್ಲಾಡಲ್ಲ!” ಎಂದ ಯಾರೋ.

“ನಾವು ನಿಷ್ಠೆ ಅಂದ್ಕೊಂಡಿದ್ವಲ್ರೀ! ನಮ್ಮಮ್ಮ ದಿನಾ ಅದಕ್ಕೆ ಕೈ ಬೀಸ್ತಾಳೆ!” ಎಂದು ಇನ್ನೊಬ್ಬ ಅಳುವಂತಾದ.

ಕಣಜ ಮೂಲೆಯ ಕಡೆ ಹೊರಟಿತು. ಫಾದರ್ ಫ್ಲೋರಾಂ ತಮಗೆ ತುರ್ತಾಗಿ ಒಂದು ಪ್ರಾರ್ಥನೆ ಇದೆಯೆಂದು ಮೆಟ್ಟಿಲೇರಿ ಹೊರಟುಹೋದರು. ಅಲ್ಲಿ ಯಾರೂ ಸಿಗದೆ ಕಣಜ ಹಿಂತಿರುಗಿ ಬಂದು, ಸಾವಕಾಶವಾಗಿ, ಮದಾಮ್ ವಾಲ್ಮೊಂ ಅವರ ಕಾಲರಿನ ಮೇಲೆ ಇಳಿಯಿತು. ಗಾಸ್ಪಾರ್ ಅವರನ್ನು ನೆಟ್ಟ ದೃಷ್ಟಿಯಿಂದ ನೋಡಿದ. ಉಳಿದವರೆಲ್ಲ ಗಾಸ್ಪಾರನನ್ನು ನೋಡಿ, ಆಮೇಲೆ ಆಕೆಯನ್ನು ನೋಡಿದರು.

ಮಡಿಸಿಟ್ಟ ಕೊಡೆ ಸ್ವಲ್ಪ ಅಲುಗಾಡಿತು. “ಯಾಕೆ ಹಾಗೆ ನೋಡ್ತೀರಿ?” ಎಂದರು ಮದಾಮ್. ಗಾಸ್ಪಾರ್ ಮಾತಾಡಲಿಲ್ಲ, ಮಾತಾಡಿದರೆ ಕಣಜ ಎದ್ದು ತನ್ನ ಕಡೆಗೇ ಬಂದೀತೆಂದು ಅವನ ಭಯ. ಆ ಮೌನವನ್ನು ಆಕೆ ಎಷ್ಟು ಹೊತ್ತು ತಾನೇ ತಡೆದಾರು?

“ಸರಿ, ಸರಿ! ಹಿಂದಿನ ಸಲ ನಾನು ನಿಮ್ಮ ಊರಿನ ಒಳಗೆ ಬರಲೇ ಇಲ್ಲ!” ಎಂದರು. “ಮಳೆ ಬರ್ತಿತ್ತು. ಕಾಲು ನೋಯ್ತಿತ್ತು. ಊರ ಬಾಗಿಲಲ್ಲೇ ಕಾರು ತಿರುಗಿಸಿಕೊಂಡು ಹೋದೆ. ಕಂಡದ್ದು ಆ ರಸ್ತೆ ಒಂದೇ. ಅದನ್ನೇ ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ.”

ಇಡೀ ಊರು ಒಂದೇ ಸಲ ಉಸಿರು ಬಿಟ್ಟಿತು. ಹಾಗಾದರೆ ತಮ್ಮ ವೈನನ್ನು ಕುಡಿದು ಯಾರೂ ತೆಗಳಿರಲಿಲ್ಲ! ಕುಡಿದೇ ಇರಲಿಲ್ಲ! ಕೆಲವರು ಅಲ್ಲೇ ತಬ್ಬಿಕೊಂಡರು. ಡಾಲ್ಡಾದ ಮದಾಮ್ ಬ್ರೆಂಡ್ಲೆ ತಗಡಿನ ಕೊಕ್ಕರೆಯ ಮೇಯರರ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಇಷ್ಟು ಜನ ಇಷ್ಟು ಒಪ್ಪಿಕೊಂಡ ಮೇಲೆ ತಾನೊಬ್ಬನೇ ಸುಮ್ಮನಿರುವುದು ಗಾಸ್ಪಾರನಿಗೆ ಸರಿಕಾಣಲಿಲ್ಲ. ಅವನು ಮಫ್ಲರ್ ಬಿಚ್ಚಿದ. ಒಂದು ಪೀಪಾಯಿಯ ಮೇಲೆ ಹತ್ತಿ ನಿಂತ.

“ಎಲ್ಲರೂ ಕೇಳಿ! ನಂದೂ ಒಂದಿದೆ. ನನಗೆ ವಾಸನೆ ಅನ್ನೋದೇ ಬರಲ್ಲ. ಎಷ್ಟೋ ವರ್ಷ ಆಯ್ತು. ನಿಮ್ಮಾಣೆಗೂ ನನ್ನ ಮೂಗು ಸತ್ತುಹೋಗಿದೆ!”

ಮೇಯರ್ ಮೆಲ್ಲಗೆ, “ನೋಡಿ. ನಮಗೆ ನಾಚಿಕೆ ಆಗಬಾರದು ಅಂತ ತನ್ನನ್ನೂ ನಮ್ಮ ಜೊತೆ ಸೇರಿಸ್ಕೊಳ್ತಿದಾನೆ,” ಎಂದರು. ಹೆಂಗಸರು ಕರವಸ್ತ್ರ ತೆಗೆದರು. ಮದಾಮ್ ವಾಲ್ಮೊಂ ಎದ್ದು ನಿಂತು ಅವನ ಕೈ ಕುಲುಕಿ, “ಇಷ್ಟು ವರ್ಷದಲ್ಲಿ ಇಂಥ ಮನುಷ್ಯನನ್ನ ಕಂಡಿಲ್ಲ,” ಎಂದರು. ಅವರು ನಕ್ಕದ್ದೂ ಆಗಲೇ.

“ಅಲ್ರೀ, ನಿಜ! ಓಡಿಲ್, ನೀನಾದ್ರೂ ಹೇಳೇ!”

ಓಡಿಲ್ ತಮ್ಮನ ಕಿವಿ ಹಿಡಿದು ಗಡಿಕಲ್ಲಿನ ಕಡೆ ಎಳೆದುಕೊಂಡು ಹೋಗುತ್ತಿದ್ದಳು, ಅವಳಿಗೆ ಪುರುಸೊತ್ತಿರಲಿಲ್ಲ.

ಹೊಸ ಕೈಪಿಡಿ ಬಂತು. ಅದರಲ್ಲಿ ಹಾಸೆನ್‌ವೈಲರಿಗೆ ಪೂರ್ತಿ ಎರಡು ಪುಟ. ಥಿಯೆಬೊನ ಕಲಬೆರಕೆಯನ್ನು “ಒಂದು ಗ್ಲಾಸಿನಲ್ಲಿ ಇಡೀ ಅಲ್ಸಾಸ್” ಎಂದು ಹೊಗಳಿದ್ದರು. ಅವನು ರೀಸ್ಲಿಂಗ್ ಚೀಟಿಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಕೆರೆದು, ‘ಎಲ್ಲಾ ಸೇರಿದ್ದು’ ಎಂದು ಹೊಸ ಚೀಟಿ ಅಂಟಿಸಿದ. ಈ ವರ್ಷವೂ ಅದೇ ರುಚಿ ಬರಲೆಂದು ರಸ ಹಿಂಡುವ ದಿನ ತಪ್ಪದೆ ಪಕ್ಕದೂರಿಗೆ ಊಟಕ್ಕೆ ಹೋದ. ಕಲ್ಲು ತನ್ನ ಜಾಗಕ್ಕೆ ಮರಳಿತು. ಕುಗೆಲ್‌ಹೋಫಿಗೆ ಬೆಣ್ಣೆ ಬಿತ್ತು. ಊರಿನ ರಸ್ತೆಯಲ್ಲಿ ಕಾರು ತಿರುಗಿಸಲು ಈಗ ಜಾಗವೇ ಇಲ್ಲ.

ಸುಖವಿಲ್ಲದವನು ಗಾಸ್ಪಾರ್ ಒಬ್ಬನೇ. ಅವನು ಬರುವುದನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು. ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುವವರು ಅವನು ಕೂತ ಕೂಡಲೇ ಎಲೆ ಕೆಳಗಿಟ್ಟು ಹವಾಮಾನದ ಬಗ್ಗೆ ಮಾತಾಡಿದರು. ಕ್ಷೌರಿಕ ಅವನ ಗಡ್ಡ ಕೆರೆಯುವಷ್ಟು ಹೊತ್ತೂ ಉಸಿರು ಬಿಗಿಹಿಡಿದಿರುತ್ತಿದ್ದ. ಒಂದು ಸಲ ಗಾಸ್ಪಾರ್ ಚಳಿಗೆ ಸೀನಿದ್ದಕ್ಕೆ ಅಂಚೆಯವನು ತಾನಾಗಿಯೇ ಬಂದು, ಎಂದೋ ಒಡೆದು ಓದಿದ್ದ ಯಾರದೋ ಪ್ರೇಮಪತ್ರದ ವಿಷಯ ಹೇಳಿ ಹೋದ. “ನನಗೆ ವಾಸನೆ ಬರಲ್ಲ ಕಣ್ರಪ್ಪೋ!” ಎಂದು ಅವನು ಕೂಗಿಕೊಂಡಷ್ಟೂ, “ಪಾಪ, ಗೊತ್ತಿದ್ದೂ ಬಿಟ್ಟುಕೊಡಲ್ಲ,” ಎಂದು ಜನ ಇನ್ನಷ್ಟು ಹೆದರಿದರು. ಟೋಪಿ ತೆಗೆಯುವವರೂ ಇಲ್ಲ, ಬೈಯುವವರೂ ಇಲ್ಲ. ಮಫ್ಲರನ್ನು ಅವನು ಪೆಟ್ಟಿಗೆಯಲ್ಲಿಟ್ಟ.

ಹೀಗಿರುವಾಗ ಒಂದು ದಿನ ಫಾದರ್ ಫ್ಲೋರಾಂ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ತಿರುಗಿಸುತ್ತ, “ಗಾಸ್ಪಾರ್, ಚರ್ಚಿಗೆ ಒಂದು ಉಪಕಾರ ಆಗಬೇಕಿತ್ತು,” ಎಂದರು.

“ಹೇಳಿ ಫಾದರ್.”

“ಜನರ ಪಾಪನಿವೇದನೆ ಕೇಳೋಕೆ ಅಂತ ನಾನು ಪ್ರತಿ ಶನಿವಾರ ಸಂಜೆ ಚರ್ಚಿನ ಆ ಮರದ ಗೂಡಲ್ಲಿ ಕೂತಿರ್ತೀನಿ. ಒಂದು ನರಪಿಳ್ಳೆ ಬರಲ್ಲ. ಈ ಊರಲ್ಲಿ ಯಾರಿಗೂ ಪಾಪವೇ ಇಲ್ಲವೇನೋ ಅಂದ್ಕೊಂಡಿದ್ದೆ. ಆವತ್ತು ನೆಲಮಾಳಿಗೇಲಿ ಕೇಳಿಸ್ಕೊಂಡ ಮೇಲೆ ಗೊತ್ತಾಯ್ತು, ನಾನು ಸುಮ್ನೆ ನಿದ್ದೆ ಮಾಡ್ತಿದೀನಿ ಅಂತ.” ಫಾದರ್ ಹತ್ತಿರ ಬಗ್ಗಿದರು. “ನೀವೇನೂ ಮಾಡೋದು ಬೇಡ. ಶನಿವಾರ ಸಂಜೆ ಚರ್ಚಿನ ಬಾಗಿಲಲ್ಲಿ ಸುಮ್ನೆ ನಿಂತ್ಕೊಳ್ಳಿ. ಆಗಾಗ ಒಂದ್ಸಲ ಮೂಗು ಏರಿಸಿದ್ರೆ ಸಾಕು.”

“ಆದ್ರೆ ಫಾದರ್, ನಿಮ್ಮ ಹತ್ರ ಸುಳ್ಳು ಹೇಳಲ್ಲ. ನನಗೆ ನಿಜವಾಗ್ಲೂ ವಾಸನೆ ಬರಲ್ಲ.”

“ನನಗೆ ಗೊತ್ತಪ್ಪಾ. ಧೂಪ ಹಾಕಿದಾಗ ಎಲ್ಲರೂ ಕೆಮ್ಮಿ ಸಾಯ್ತಾರೆ, ನೀವು ಅದರ ಪಕ್ಕದಲ್ಲೇ ಆರಾಮಾಗಿ ಆಕಳಿಸ್ತೀರಿ. ಗೊತ್ತಿರೋದು ನನಗೆ, ನಿಮ್ಮ ಹೆಂಡತಿಗೆ, ಇನ್ನು ದೇವರಿಗೆ. ಅವನೇನೂ ಹೇಳೋದಿಲ್ಲ ಬಿಡಿ.”

ತನ್ನನ್ನು ನಂಬಿದವರು ಒಬ್ಬರಾದರೂ ಸಿಕ್ಕಿದರಲ್ಲ ಎಂಬ ಸಂತೋಷಕ್ಕೆ ಗಾಸ್ಪಾರ್ ಒಪ್ಪಿಕೊಂಡ.

ಶನಿವಾರ ಸಂಜೆ ಅವನು ಚರ್ಚಿನ ಬಾಗಿಲಲ್ಲಿ ಕೈಕಟ್ಟಿ ನಿಂತ. ಒಂದು ಸಲ ಮೂಗು ಏರಿಸಿದ. ಕ್ಷೌರಿಕ ಬಂದ. ಅಂಚೆಯವನು ಬಂದ. ಇಸ್ಪೀಟಿನವರು ನಾಲ್ಕೂ ಜನ ಬಂದರು, ಒಬ್ಬರ ಮುಖ ಒಬ್ಬರು ನೋಡದೆ. ಮೇಯರ್ ಬಂದರು, ತಗಡಿನ ಕೊಕ್ಕರೆಗಿಂತ ದೊಡ್ಡದು ಏನೋ ಇನ್ನೂ ಇತ್ತೆಂದು ಕಾಣುತ್ತದೆ. ಸಾಲು ಬಾಗಿಲು ದಾಟಿತು, ಕಾರಂಜಿಯನ್ನು ಸುತ್ತಿತು, ಬೇಕರಿಯ ಮುಂದಿನವರೆಗೆ ಬೆಳೆಯಿತು. ಗೂಡಿನ ಒಳಗಿನಿಂದ ಫಾದರ್ ಫ್ಲೋರಾಂ ಅವರ “ಅಯ್ಯೋ, ಇದನ್ನೂ ಮಾಡಿದ್ರಾ?” ಎಂಬ ದನಿ ಆಗಾಗ ಹೊರಗೆ ಕೇಳಿಸುತ್ತಿತ್ತು.

ಗಾಸ್ಪಾರ್ ಸಾಲನ್ನು ತೃಪ್ತಿಯಿಂದ ನೋಡುತ್ತ ನೋಡುತ್ತ ಒಂದು ಕಡೆ ಕಣ್ಣು ನಿಲ್ಲಿಸಿದ. ಮದಾಮ್ ಬ್ರೆಂಡ್ಲೆಯ ಹಿಂದೆ, ಒಳ್ಳೆಯ ಕೋಟು ಹಾಕಿಕೊಂಡು, ತಲೆ ತಗ್ಗಿಸಿಕೊಂಡು ಓಡಿಲ್ ನಿಂತಿದ್ದಳು.

ಅವನು ಮೆಟ್ಟಿಲಿಳಿದು ಅವಳ ಹತ್ತಿರ ಹೋದ. “ನೀನ್ಯಾಕೆ ಬಂದೆ? ನಿನಗೆ ಗೊತ್ತಲ್ಲ, ನನಗೆ ಏನೂ...”

“ಗೊತ್ತು,” ಎಂದಳು ಓಡಿಲ್ ಅವನ ಕಡೆ ನೋಡದೆ. ಅವಳ ಕಿವಿಗಳು ಕೆಂಪಾಗಿದ್ದವು. “ಹೋಗು, ನಿನ್ನ ಜಾಗಕ್ಕೆ ಹೋಗಿ ನಿಂತ್ಕೋ. ಆ ಕಡೆ ನೋಡು.”

ಗಾಸ್ಪಾರ್ ಮರಳಿ ಬಾಗಿಲಿಗೆ ಹೋಗಿ ನಿಂತ. ಸಾಲು ಒಂದೊಂದೇ ಹೆಜ್ಜೆ ಮುಂದೆ ಬಂತು. ಓಡಿಲ್ ಅವನನ್ನು ದಾಟಿಕೊಂಡು ಒಳಗೆ ಹೋಗುವಾಗ, ಅಷ್ಟು ವರ್ಷಗಳಲ್ಲಿ ಮೊದಲನೆಯ ಬಾರಿಗೆ, ಅವನು ಯಾರಿಗೂ ತೋರಿಸಲೆಂದಲ್ಲದೆ, ಎದೆ ತುಂಬುವ ಹಾಗೆ ಮೂಗಿನಿಂದ ಉಸಿರೆಳೆದುಕೊಂಡ. ತಣ್ಣನೆಯ ಗಾಳಿ ಒಳಗೆ ಬಂತು. ಬೇರೇನೂ ಬರಲಿಲ್ಲ.